ಬೆಟಗೇರಿ ಸೀಮೆಯ ಮಳೆ ನಕ್ಷತ್ರಗಳು ಮತ್ತು ನಗರದ ತಾರಾಲಯ

ಉತ್ತರ ಕರ್ನಾಟಕದ ಶಾಲೆಗಳಿಂದ ಬೆಂಗಳೂರಿಗೆ ಹೊರಡುವ ಶೈಕ್ಷಣಿಕ ಪ್ರವಾಸಗಳಿಗೆ ಬಹುಕಾಲದಿಂದ ಒಂದು ಗೊತ್ತಾದ ದಾರಿಯಿದೆ. ವಿಧಾನಸೌಧವನ್ನು ಹೊರಗಿನಿಂದ ನೋಡುವುದು, ಕಬ್ಬನ್ ಉದ್ಯಾನ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಲಾಲ್‌ಬಾಗ್, ನಡುವೆ ಎಲ್ಲಿಯೋ ಬುತ್ತಿ ಬಿಚ್ಚುವುದು, ಅನಂತರ ಹೈಗ್ರೌಂಡ್ಸ್ ಭಾಗದ ಟಿ. ಚೌಡಯ್ಯ ರಸ್ತೆಯಲ್ಲಿರುವ ಜವಾಹರಲಾಲ್ ನೆಹರೂ ತಾರಾಲಯ. ಬೆಟಗೇರಿ, ಗದಗ, ಲಕ್ಷ್ಮೇಶ್ವರ, ಮುಂಡರಗಿಗಳಿಂದ ಬಂದ ಮಕ್ಕಳು ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರಾದ್ದರಿಂದ, ಹಿಂದಕ್ಕೆ ಒರಗುವ ಆಸನದ ಮೇಲೆ ಕುಳಿತು ದೀಪ ಆರಿದೊಡನೆ ನಿದ್ರೆ ಹೋಗುವವರೂ ಉಂಟು. ಎಚ್ಚರವಿದ್ದವರು ಮಾತ್ರ ನಡುಮಧ್ಯಾಹ್ನದಲ್ಲಿ ಸಂಜೆಯಾಗುವುದನ್ನು, ಗುಮ್ಮಟದ ಅಂಚಿನಲ್ಲಿ ಕೆಂಪು ಮಾಸಿ ಒಂದೊಂದೇ ಚುಕ್ಕಿ ಮೂಡುವುದನ್ನು ಕಂಡು ಏಕಕಂಠದಿಂದ ಉದ್ಗರಿಸುತ್ತಾರೆ. ಆ ಉದ್ಗಾರ ತಾರಾಲಯದ ಪ್ರತಿ ಪ್ರದರ್ಶನದಲ್ಲಿಯೂ ಒಂದೇ ಕ್ಷಣಕ್ಕೆ ಬರುತ್ತದೆ.

ಆದರೆ ಈ ಮಕ್ಕಳು ಆಕಾಶವನ್ನು ಅರಿಯದ ಮನೆಗಳಿಂದ ಬಂದವರಲ್ಲ. ರೋಹಿಣಿ, ಮೃಗಶಿರ, ಆರಿದ್ರಾ, ಹಸ್ತ, ಚಿತ್ತಾ, ಸ್ವಾತಿ ಎಂಬ ಹೆಸರುಗಳು ಅವರ ಅಜ್ಜ-ಅಜ್ಜಿಯರ ಬಾಯಲ್ಲಿ ದಿನಬಳಕೆಯ ಮಾತುಗಳು. ಆ ಹೆಸರುಗಳಿಗೂ ಗುಮ್ಮಟದ ಮೇಲೆ ಬೆಳಕಿನ ಬಾಣದಿಂದ ತೋರಿಸುವ ಬಿಂದುಗಳಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಜಾನಪದ ಅಧ್ಯಯನದಲ್ಲಿ ಸಾಕಷ್ಟು ಚರ್ಚೆಯಾಗಿಲ್ಲ. ಮಳೆ ಗಾದೆಗಳನ್ನು ಸಂಗ್ರಹಿಸಿದವರು ಆಕಾಶವನ್ನು ನೋಡಲಿಲ್ಲ. ಆಕಾಶವನ್ನು ವಿವರಿಸಿದವರು ಗಾದೆಗಳನ್ನು ಅಲಂಕಾರಕ್ಕಷ್ಟೇ ಬಳಸಿದರು. ಈ ಎರಡನ್ನೂ ಬೆಟಗೇರಿ-ಗದಗ ಸೀಮೆಯ ಆಧಾರಗಳ ಮೂಲಕ ಒಟ್ಟಿಗೆ ಇರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುಮ್ಮಟದ ಆಕಾಶ

ಕತ್ತಲೆಯ ಗುಮ್ಮಟದೊಳಗೆ ನಕ್ಷತ್ರಗಳನ್ನು ಬೆಳಕಿನಿಂದ ಬಿಡಿಸುವ ಯಂತ್ರವು ಜರ್ಮನಿಯ ಝೈಸ್ ಕಾರ್ಖಾನೆಯಲ್ಲಿ ವಾಲ್ಟರ್ ಬಾವರ್ಸ್‌ಫೆಲ್ಡ್ ಅವರ ನೇತೃತ್ವದಲ್ಲಿ ಸಿದ್ಧವಾಯಿತು. 1923ರ ಅಕ್ಟೋಬರ್ ತಿಂಗಳಲ್ಲಿ ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಂನಲ್ಲಿ ಅದರ ಮೊದಲ ಪ್ರದರ್ಶನ ನಡೆಯಿತು. 1925ರ ಮೇ ತಿಂಗಳಿನಿಂದ ಅದು ಸಾರ್ವಜನಿಕರಿಗೆ ದೊರೆಯಿತು. ಭಾರತದಲ್ಲಿ ಕೋಲ್ಕತ್ತದ ಬಿರ್ಲಾ ತಾರಾಲಯವನ್ನು 1963ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಮುಂಬಯಿಯ ನೆಹರೂ ತಾರಾಲಯ 1977ರಲ್ಲಿ, ದೆಹಲಿಯದು 1984ರಲ್ಲಿ ಆರಂಭವಾದವು. ಬೆಂಗಳೂರು ನಗರಪಾಲಿಕೆ ಕಟ್ಟಿಸಿದ ತಾರಾಲಯ 1989ರಲ್ಲಿ ತೆರೆದುಕೊಂಡಿತು. 1992ರಲ್ಲಿ ಅದರ ಆಡಳಿತವನ್ನು ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘಕ್ಕೆ ವಹಿಸಲಾಯಿತು.

ಈ ಸಂಸ್ಥೆಯ ಸ್ಥಾಪಕ ನಿರ್ದೇಶಕ ಸಿ. ವಿ. ವಿಶ್ವೇಶ್ವರ (1938–2017) ಕಪ್ಪುಕುಳಿಗಳ ಸಿದ್ಧಾಂತದಲ್ಲಿ ಲೋಕಪ್ರಸಿದ್ಧರಾದ ಭೌತವಿಜ್ಞಾನಿ. ಕದಡಿದ ಕಪ್ಪುಕುಳಿಯು ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂಬುದನ್ನು ಅವರು 1970ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಅವರು ಕನ್ನಡದ ಹಿರಿಯ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಪುತ್ರರೆಂಬುದು ಇಲ್ಲಿ ಅಪ್ರಸ್ತುತವಲ್ಲ. ತಾರಾಲಯದ ಪ್ರದರ್ಶನಗಳು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ನಡೆಯುತ್ತ ಬಂದುದರಿಂದ, ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣರಾವ್ ಮೊದಲಾದವರು ಗ್ರಂಥರೂಪದಲ್ಲಿ ಕಟ್ಟಿಕೊಟ್ಟ ಖಗೋಳದ ಕನ್ನಡವು ಇಲ್ಲಿ ಕಿವಿಗೆ ಕೇಳುವ ಭಾಷೆಯಾಯಿತು. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಉದ್ಘಾಟನೆಯಾದ ಸ್ವಾಮಿ ವಿವೇಕಾನಂದ ತಾರಾಲಯವು ತಂತ್ರಜ್ಞಾನದಲ್ಲಿ ಮುಂದಿನ ಹೆಜ್ಜೆ. ಆದರೂ ಗದಗ ಸೀಮೆಯ ಮಟ್ಟಿಗೆ 'ತಾರಾಲಯ ನೋಡಿ ಬಂದೆವು' ಎಂದರೆ ಬೆಂಗಳೂರಿನದನ್ನು ಎಂದೇ ಅರ್ಥ.

ಗುಮ್ಮಟದ ಯಂತ್ರವು ಮೂರು ಕೆಲಸಗಳನ್ನು ಮಾಡಬಲ್ಲದು. ಕಾಲವನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವುದು ಒಂದು. ನೋಡುವವನು ನಿಂತ ನೆಲವನ್ನು ಬದಲಿಸುವುದು ಇನ್ನೊಂದು. ಬೆಂಗಳೂರಿನಲ್ಲಿ ಉತ್ತರ ದಿಗಂತದಿಂದ ಸುಮಾರು ಹದಿಮೂರು ಅಂಶ ಮೇಲಿರುವ ಧ್ರುವ ನಕ್ಷತ್ರ ಬೆಟಗೇರಿಯಲ್ಲಿ ಹದಿನೈದೂವರೆ ಅಂಶ ಮೇಲಿರುತ್ತದೆ, ಈ ಎರಡೂವರೆ ಅಂಶವನ್ನು ಯಂತ್ರ ಸಲೀಸಾಗಿ ತೋರಿಸುತ್ತದೆ. ಮೂರನೆಯದು, ಸೂರ್ಯನ ಪ್ರಭೆಯನ್ನು ಆರಿಸಿ ಹಗಲಿನಲ್ಲಿಯೂ ಸೂರ್ಯನ ಹಿಂದಿರುವ ನಕ್ಷತ್ರಗಳನ್ನು ಕಾಣಿಸುವುದು. ಮದುವೆಯ ಹಂದರದಲ್ಲಿ ನಡುಹಗಲಿಗೆ ಪುರೋಹಿತರು ಬೆರಳು ತೋರಿದ ಕಡೆಗೆ ನೋಡಿ ಅರುಂಧತಿ ಕಂಡಿತೆಂದು ತಲೆಯಾಡಿಸುವ ಮದುಮಕ್ಕಳ ಮಾತು ಸುಳ್ಳಾಗದ ಏಕೈಕ ಸ್ಥಳವೆಂದರೆ ತಾರಾಲಯವೇ. ಮಳೆ ನಕ್ಷತ್ರಗಳ ವಿಚಾರಕ್ಕೆ ಈ ಮೂರನೆಯ ಶಕ್ತಿ ಅತ್ಯಂತ ಮುಖ್ಯವಾದುದು.

ಕಲ್ಲಿನ ಮೇಲಿನ ಸೂರ್ಯಚಂದ್ರರು

ಬೆಟಗೇರಿ ಹೆಸರಾಗಿರುವುದು ನೇಕಾರಿಕೆಗೆ ಮತ್ತು ವೀರಗಲ್ಲುಗಳಿಗೆ. ಒಂಬತ್ತು-ಹತ್ತನೆಯ ಶತಮಾನಗಳವೆಂದು ಗುರುತಿಸಲಾದ ಇಲ್ಲಿಯ ವೀರಗಲ್ಲುಗಳ ಬಗೆಗೆ ಇತಿಹಾಸಕಾರರು ಬರೆದಿದ್ದಾರೆ. ಕರ್ನಾಟಕದ ವೀರಗಲ್ಲುಗಳ ಸಾಮಾನ್ಯ ವಿನ್ಯಾಸದಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ, ಶಿಖರದ ಎರಡು ಬದಿಗೆ ಸೂರ್ಯ ಮತ್ತು ಚಂದ್ರ. ದಾನಶಾಸನಗಳ ತಲೆಯ ಮೇಲೆಯೂ ಇದೇ ಜೋಡಿ ಇರುತ್ತದೆ. ಸೂರ್ಯಚಂದ್ರರಿರುವತನಕ ಈ ದಾನ, ಈ ಕೀರ್ತಿ ಉಳಿಯಲಿ ಎಂಬ 'ಆಚಂದ್ರಾರ್ಕ' ಕಲ್ಪನೆಯೇ ಅದರ ಅರ್ಥವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅದು ಸರಿಯೇ. ಆದರೆ ದಾನಶಾಸನಗಳಲ್ಲಿ ಆಕಾಶವು ಬರಿಯ ಸಾಕ್ಷಿಯಲ್ಲ, ಅದು ಕಾರಣವೂ ಹೌದು. ದಾನವು ನಡೆಯುವುದೇ ಉತ್ತರಾಯಣ ಸಂಕ್ರಾಂತಿಯಲ್ಲಿ, ಸೂರ್ಯಗ್ರಹಣದಲ್ಲಿ, ಸೋಮಗ್ರಹಣದಲ್ಲಿ.

ಗದುಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಸೇರಿದ ಹೊಯ್ಸಳ ಇಮ್ಮಡಿ ಬಲ್ಲಾಳನ ಪ್ರಸಿದ್ಧ ಶಾಸನ ಇದಕ್ಕೆ ಉತ್ತಮ ನಿದರ್ಶನ. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ಬೀಡಿನಲ್ಲಿದ್ದ ಅರಸನು ಪರಿಧಾವಿ ಸಂವತ್ಸರದ ಮಾರ್ಗಶಿರ ಹುಣ್ಣಿಮೆ, ಶನಿವಾರ, ಸೋಮಗ್ರಹಣದ ಸಂದರ್ಭದಲ್ಲಿ ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವರ ಕಾಲು ತೊಳೆದು ಹೊಂಬಾಳಲು ಎಂಬ ಗ್ರಾಮವನ್ನು ದೇವರಿಗೆ ಬಿಟ್ಟನು. ಈ ದಿನವನ್ನು ವಿದ್ವಾಂಸರು 1192ರ ನವೆಂಬರ್ 21ಕ್ಕೆ ಸರಿಹೊಂದಿಸಿದ್ದಾರೆ. ವಾರ, ತಿಥಿ, ಗ್ರಹಣ ಮೂರೂ ಕೂಡುತ್ತವೆ. ಹೊಂಬಾಳಲು ಇಂದಿಗೂ ಹೊಂಬಳವೆಂಬ ಹೆಸರಿನಿಂದ ಗದಗಿನ ಬಳಿಯಲ್ಲಿಯೇ ಇದೆ. 'ಸಿದ್ಧಾಂತಿ' ಎಂಬ ವಿಶೇಷಣವನ್ನು ಕಂಡು ಪಂಡಿತದೇವನನ್ನು ಜ್ಯೋತಿಷಿಯನ್ನಾಗಿ ಮಾಡುವ ಆತುರ ಬೇಡ. ಅದು ಶೈವಸಿದ್ಧಾಂತದ ಪಾಂಡಿತ್ಯವನ್ನು ಸೂಚಿಸುವ ಸಾಧ್ಯತೆಯೇ ಹೆಚ್ಚು.

ಶಾಸನಗಳಲ್ಲಿ ಹೇಳಿದ ಗ್ರಹಣಗಳೆಲ್ಲ ಆಯಾ ಊರಿನಲ್ಲಿ ಕಣ್ಣಿಗೆ ಬಿದ್ದವುಗಳಲ್ಲ ಎಂಬುದು ಶಾಸನಶಾಸ್ತ್ರಜ್ಞರಿಗೆ ಬಹುಕಾಲದಿಂದ ತಿಳಿದ ಸಂಗತಿ. ಕೆಲವು ಗ್ರಹಣಗಳು ದಿಗಂತದ ಕೆಳಗೆ ಆದವು, ಕೆಲವು ಮೋಡದ ಮರೆಯಲ್ಲಿ. ಲೆಕ್ಕ ಹಾಕಿದವರ ಮಾತಿನ ಮೇಲೆ ಭೂಮಿ ಕೈ ಬದಲಾಯಿಸಿತು. ಹೀಗೆ ಕಲ್ಲಿನಲ್ಲಿ ಉಳಿದಿರುವುದು ನೋಡಿದ ಆಕಾಶ ಮಾತ್ರವಲ್ಲ, ಎಣಿಸಿದ ಆಕಾಶವೂ ಹೌದು. ಬೆಂಗಳೂರಿನ ತಾರಾಲಯವು ಈ ಸಾಮಗ್ರಿಯತ್ತ ಗಮನ ಹರಿಸಿದ್ದು ಅದರ ಚರಿತ್ರೆಯ ಮಹತ್ವದ ಘಟ್ಟ. ಅದರ ನಿರ್ದೇಶಕಿಯಾಗಿದ್ದ ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಶಿಲಾಶಾಸನಗಳ ಗ್ರಹಣ, ಸಂಕ್ರಾಂತಿ, ಗ್ರಹಯುತಿಗಳ ಉಲ್ಲೇಖಗಳನ್ನು ಕಲೆಹಾಕಿ ಪರಿಶೀಲಿಸಿದ ಇಂಗ್ಲಿಷ್ ಗ್ರಂಥ 2016ರಲ್ಲಿ ಪ್ರಕಟವಾಯಿತು. ಶಾಸನಗಳನ್ನು ರಾಜವಂಶಗಳ ಪಟ್ಟಿಗಾಗಿ ಮಾತ್ರ ಓದುತ್ತಿದ್ದ ಪರಂಪರೆಗೆ ಇದು ಹೊಸ ದಾರಿಯನ್ನು ತೋರಿಸಿತು. ಬಾಯಿಮಾತಿನ ಪರಂಪರೆಗೆ ಅಂತಹ ಕೆಲಸ ಇನ್ನೂ ಆಗಬೇಕಾಗಿದೆ.

ಕಾಣದ ನಕ್ಷತ್ರದ ಮಳೆ

ಗದಗ ಸೀಮೆಯ ಎರೆಭೂಮಿಯಲ್ಲಿ ಒಕ್ಕಲುತನದ ವರ್ಷವನ್ನು ತಿಂಗಳುಗಳಿಂದಲ್ಲ, ಮಳೆಗಳಿಂದ ಎಣಿಸಲಾಗುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆಗಳು ಅಡ್ಡಮಳೆಗಳು. ರೋಹಿಣಿ ಆಡುಮಾತಿನಲ್ಲಿ 'ರೋಣಿ', ಮೃಗಶಿರ 'ಮಿರಗ', ಪುಬ್ಬ 'ಹುಬ್ಬಿ', ಉತ್ತರಾ 'ಉತ್ತರಿ', ಚಿತ್ತಾ 'ಚಿತ್ತಿ'. ಮಸಾರಿ ಹೊಲದವರಿಗೆ ಮುಂಗಾರಿಯ ಮಿರಗ, ಆರಿದ್ರಾಗಳು ಮುಖ್ಯವಾದರೆ, ಎರೆಹೊಲದವರ ಕಣ್ಣು ಉತ್ತರಿ, ಹಸ್ತ, ಚಿತ್ತಿಗಳ ಮೇಲೆ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಹಣೆಬರಹ ನಿಶ್ಚಯವಾಗುವುದು ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಈ ಮಳೆಗಳಲ್ಲಿ. ಯುಗಾದಿಯಂದು ಪಂಚಾಂಗ ಓದಿಸುವಾಗ ಕೇಳುವವರು ಕಾಯುವುದು ಮಳೆಗಳ ಭಾಗಕ್ಕೆ. ಯಾವ ಮಳೆಗೆ ಯಾವ ವಾಹನ, ಕಪ್ಪೆಯೋ, ಎಮ್ಮೆಯೋ, ಆನೆಯೋ, ನರಿಯೋ ಎಂಬುದನ್ನು ಗಮನವಿಟ್ಟು ಕೇಳಿ, ಮಳೆ ಬಾರದಿದ್ದಾಗ ವಾಹನವನ್ನೇ ಬೈಯುವುದು ಸಾಮಾನ್ಯ ನೋಟ. ಗದಗ ಮುದ್ರಣಾಲಯಗಳ ಊರು. ಇಲ್ಲಿ ಅಚ್ಚಾದ ಪಂಚಾಂಗ ಮತ್ತು ಕ್ಯಾಲೆಂಡರುಗಳು ಸುತ್ತಲಿನ ಹಳ್ಳಿಗಳ ಮನೆಗೋಡೆಗಳ ಮೇಲೆ ಮೊಳೆಗೆ ತೂಗಿರುತ್ತವೆ. ಮಳೆ ಹೂಡುವ ದಿನಾಂಕ, ಗಳಿಗೆಗಳು ಅವುಗಳಲ್ಲಿಯೂ ಬರುತ್ತವೆ. ಹೀಗಾಗಿ ಬಾಯಿಮಾತು ಮತ್ತು ಅಚ್ಚುಮಾತುಗಳನ್ನು ಈ ವಿಷಯದಲ್ಲಿ ಬೇರೆ ಮಾಡಿ ನೋಡುವುದು ಸಾಧ್ಯವಿಲ್ಲ.

'ರೋಹಿಣಿ ಮಳೆ' ಎಂದರೆ ಏನು? ರಾತ್ರಿ ರೋಹಿಣಿ ನಕ್ಷತ್ರ ಕಾಣುವ ಕಾಲದ ಮಳೆ ಎಂದು ನಗರದ ಓದುಗರು ಭಾವಿಸುವುದುಂಟು. ಅದು ತಪ್ಪು. ಸೂರ್ಯನು ರೋಹಿಣಿಯ ಭಾಗದಲ್ಲಿ ಸಂಚರಿಸುವ ಹದಿಮೂರು-ಹದಿನಾಲ್ಕು ದಿನಗಳ ಅವಧಿಯೇ ರೋಹಿಣಿ ಮಳೆ. ಈಗ ಅದು ಸುಮಾರಾಗಿ ಮೇ 25ಕ್ಕೆ ಹೂಡುತ್ತದೆ. ಮೃಗಶಿರ ಜೂನ್ 7 ಅಥವಾ 8ಕ್ಕೆ, ಆರಿದ್ರಾ ಜೂನ್ 21 ಅಥವಾ 22ಕ್ಕೆ. ಸೂರ್ಯನ ಬಳಿಯಿರುವ ನಕ್ಷತ್ರ ಹಗಲಿಗೆ ಸೂರ್ಯನೊಡನೆ ಮೂಡಿ ಸೂರ್ಯನೊಡನೆ ಮುಳುಗುವುದರಿಂದ ಅದು ಕಾಣುವುದಿಲ್ಲ. ಅಂದರೆ ರೋಹಿಣಿ ಮಳೆಯಲ್ಲಿ ರೋಹಿಣಿಯನ್ನು, ಮಿರಗದ ಮಳೆಯಲ್ಲಿ ಮೃಗಶಿರವನ್ನು ನೋಡಿದ ಒಕ್ಕಲಿಗ ಒಬ್ಬನೂ ಇಲ್ಲ. ಅದೇ ನಕ್ಷತ್ರಗಳು ಅವನ ನೆತ್ತಿಯ ಮೇಲೆ ಬರುವುದು ಫೆಬ್ರುವರಿಯ ರಾತ್ರಿಗಳಲ್ಲಿ, ಹಿಂಗಾರಿ ಜೋಳದ ಕಣದಲ್ಲಿ ರಾಶಿ ಕಾಯುತ್ತ ಅವನು ಅಂಗಾತ ಮಲಗಿದಾಗ. ಬರುವ ವರ್ಷದ ಮಳೆಯ ನಕ್ಷತ್ರ ಈ ವರ್ಷದ ರಾಶಿಯ ಮೇಲೆ ನಿಂತಿರುತ್ತದೆ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಮಳೆ ನಕ್ಷತ್ರಗಳ ವ್ಯವಸ್ಥೆಯನ್ನು ಅನಕ್ಷರಸ್ಥರ ಸಹಜ ನೋಟದಿಂದ ಹುಟ್ಟಿದ ಸರಳ ಜ್ಞಾನವೆಂದು ಹೊಗಳುವ ರೂಢಿ ಜಾನಪದ ಬರಹಗಳಲ್ಲಿದೆ. ಕಾಣದ ನಕ್ಷತ್ರದ ಹೆಸರಿನಲ್ಲಿ ಮಳೆಯನ್ನು ಗುರುತಿಸಬೇಕಾದರೆ ಸೂರ್ಯನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿ, ಇಂದು ಅವನು ಯಾವ ಪಾಲಿನಲ್ಲಿದ್ದಾನೆಂದು ಲೆಕ್ಕ ಹಾಕುವವರೊಬ್ಬರು ಇರಲೇಬೇಕು. ಶಾಸನದ ಗ್ರಹಣದಂತೆ ಇದೂ ಎಣಿಸಿದ ಆಕಾಶವೇ. ಪಂಚಾಂಗದ ಶಿಷ್ಟ ಗಣಿತವನ್ನು ಜನಪದರು ತಮ್ಮದನ್ನಾಗಿ ಮಾಡಿಕೊಂಡು, ಅದಕ್ಕೆ ಹೊಲದ ಅನುಭವವನ್ನು ತುಂಬಿದರು. ಶಿಷ್ಟ-ಜನಪದಗಳ ನಡುವೆ ಗೋಡೆ ಎಬ್ಬಿಸುವ ಸಿದ್ಧಾಂತಗಳಿಗೆ ಈ ಉದಾಹರಣೆ ತೊಡಕಾಗಿದೆ, ತೊಡಕಾಗುವುದು ಒಳ್ಳೆಯದು. ಕಣ್ಣಿನಿಂದ ಕಂಡೇ ಹೆಸರಿಟ್ಟ ಆಕಾಶವೂ ಇವರಲ್ಲಿದೆ. ಬೆಳಗಿನ ಜಾವದ 'ಬೆಳ್ಳಿ ಚುಕ್ಕಿ'ಗೆ ಯಾವ ಪಂಚಾಂಗವೂ ಬೇಕಿಲ್ಲ. ಉತ್ತರ ಕರ್ನಾಟಕದ ನೇಕಾರಿಕೆಯಲ್ಲಿ ಹೆಸರಾದ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯೂ ಈ ಎರಡನೆಯ ಬಗೆಯ ಆಕಾಶಕ್ಕೆ ಸೇರಿದುದು.

ತಾರಾಲಯದ ಗುಮ್ಮಟದಲ್ಲಿ ಜೂನ್ 8ರ ಮಧ್ಯಾಹ್ನವನ್ನು ಹೂಡಿ, ಸೂರ್ಯನ ಪ್ರಭೆಯನ್ನು ಆರಿಸಿದರೆ, ಸೂರ್ಯಬಿಂಬದ ಒಂದು ಬದಿಗೆ ದಾಟಿಬಂದ ರೋಹಿಣಿಯ ಕೆಂಪು ಚುಕ್ಕಿ, ಇನ್ನೊಂದು ಬದಿಗೆ ಮೃಗಶಿರದ ಒತ್ತಾದ ಮೂರು ಚುಕ್ಕಿಗಳು, ಅವುಗಳ ಬಳಿ ಆರಿದ್ರಾ ಒಟ್ಟಿಗೆ ಕಾಣುತ್ತವೆ. ಕಲ್ಪಿಸಿಕೊಂಡು ಬಂದ ಒಂದು ನೋಟವನ್ನು ಕಣ್ಣಿಗೆ ತೋರಿಸುವ ಈ ಸಾಮರ್ಥ್ಯ ತಾರಾಲಯದಲ್ಲಿ ಮಾತ್ರ ಇದೆ. ಲೋಕದ ತಾರಾಲಯಗಳ ಸಾಮಾನ್ಯ ಕಾರ್ಯಕ್ರಮಗಳ ವಿನ್ಯಾಸ ಇದಕ್ಕೆ ಅನುಕೂಲವಾಗಿಲ್ಲ. ಅವು ರಾತ್ರಿಯ ಆಕಾಶದಿಂದ ಆರಂಭಿಸಿ, ಗ್ರೀಕ್ ಪುರಾಣದ ಬೇಟೆಗಾರನನ್ನು, ಸಿಂಹವನ್ನು, ಚೇಳನ್ನು ಗೆರೆಗಳಿಂದ ಬಿಡಿಸಿ, ಗ್ರಹಗಳತ್ತ ಹೊರಳಿ, ಆಕಾಶಗಂಗೆಯ ಆಚೆಗೆ ಹೋಗಿಬಿಡುತ್ತವೆ. ಸೂರ್ಯನ ಹಿಂದಿನ ನಕ್ಷತ್ರಕ್ಕೆ ಅಲ್ಲಿ ಕೆಲಸವಿಲ್ಲ. ಮುಂಡರಗಿಯ ಒಕ್ಕಲು ಮನೆತನದ ಹುಡುಗನಿಗೆ ತನ್ನ ಮನೆಯ 'ಮಿರಗ'ವೂ ಗುಮ್ಮಟದ ಬೇಟೆಗಾರನ ತಲೆಯೂ ಒಂದೇ ಎಂದು ತಿಳಿಯದೆ ಉಳಿಯುತ್ತದೆ.

ಒಂದು ಮಳೆಯಷ್ಟು ಜಾರಿದ ಕಾಲ

ಕಾಲವನ್ನು ಹಿಂದಕ್ಕೆ ಓಡಿಸುವ ಶಕ್ತಿಯಿಂದ ಜಾನಪದಕ್ಕೆ ಇನ್ನೂ ದೊಡ್ಡ ಪ್ರಯೋಜನವಿದೆ. ನಕ್ಷತ್ರಗಳನ್ನು ಆಧರಿಸಿದ ವರ್ಷವು ಋತುಗಳ ವರ್ಷಕ್ಕಿಂತ ಇಪ್ಪತ್ತು ನಿಮಿಷಗಳಷ್ಟು ದೊಡ್ಡದು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಉಂಟಾಗುವ ಈ ವ್ಯತ್ಯಾಸವು ಸುಮಾರು ಎಪ್ಪತ್ತು ವರ್ಷಗಳಿಗೆ ಒಂದು ದಿನವಾಗುತ್ತದೆ. ಮಕರ ಸಂಕ್ರಾಂತಿಯು ನಿಜವಾದ ಉತ್ತರಾಯಣದಿಂದ ಮೂರು ವಾರಕ್ಕೂ ಹೆಚ್ಚು ದೂರ ಬಂದಿರುವುದು ಇದರಿಂದಲೇ. ಒಂದು ಮಳೆ ನಕ್ಷತ್ರದ ಅವಧಿ ಹದಿಮೂರೂವರೆ ದಿನ. ಅಷ್ಟು ಜಾರಲು ಬೇಕಾಗುವ ಕಾಲ ಸುಮಾರು 950 ವರ್ಷ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದು ತನ್ನ ಹೆಸರಿನ ಹೊಸ ಶಕೆಯನ್ನು ಆರಂಭಿಸಿದ್ದು 1076ರಲ್ಲಿ. ಆ ಕಾಲದಿಂದ ಇಂದಿನವರೆಗೆ ಮಳೆಗಳ ಪಟ್ಟಿ ಹೆಚ್ಚುಕಡಿಮೆ ಸರಿಯಾಗಿ ಒಂದು ಮಳೆಯಷ್ಟು ಜಾರಿದೆ.

ಲಕ್ಕುಂಡಿ, ಗದಗಗಳ ಗುಡಿಗಳಿಗೆ ದಾನ ಬಿಡುತ್ತಿದ್ದ ಕಾಲದಲ್ಲಿ ಮುಂಗಾರು ಜೂನ್ ಮೊದಲ ವಾರದ ಹವೆಯಲ್ಲಿ ಬಂದಾಗ ಸೂರ್ಯನು ಆರಿದ್ರೆಯನ್ನು ಸೇರುತ್ತಿದ್ದ. ಇಂದು ಅದೇ ಹವೆಗೆ ಮೃಗಶಿರವನ್ನು ಸೇರುತ್ತಾನೆ. ಅಂದಿನ ಮೃಗಶಿರದ ಜಾಗದಲ್ಲಿ ಇಂದು ರೋಹಿಣಿ ಇದೆ. ಹಾಗಾದರೆ ಮಳೆ ಗಾದೆಗಳು ಯಾವ ಕಾಲದ ಹವಾಮಾನವನ್ನು ಹೇಳುತ್ತಿವೆ? ಬಹಳ ಪ್ರಾಚೀನವೆಂದು ನಂಬಲಾದ ಗಾದೆಯೊಂದು ಇಂದಿನ ಹವೆಗೂ ಕೂದಲೆಳೆಯಷ್ಟು ತಪ್ಪದೆ ಹೊಂದುತ್ತಿದ್ದರೆ, ಅದು ಪ್ರಾಚೀನವಲ್ಲ, ಅಥವಾ ಅದನ್ನು ಹೇಳುವವರು ಕಾಲಕಾಲಕ್ಕೆ ತಿದ್ದಿಕೊಂಡು ಬಂದಿದ್ದಾರೆ ಎಂದೇ ತಿಳಿಯಬೇಕಾಗುತ್ತದೆ.

ಆದರೆ ಗಾದೆಯನ್ನು ಹವಾಮಾನದ ದಾಖಲೆಯೆಂದು ನೇರವಾಗಿ ಓದುವಲ್ಲಿ ಅಪಾಯವಿದೆ. 'ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ' ಎಂಬ ಸುಪರಿಚಿತ ಗಾದೆಯನ್ನು ಬರಹದ ರೂಪದಲ್ಲಿ ಓದಿದರೆ ಪ್ರಾಸ ಅರೆಬರೆ. 'ರೋಣಿ' ಎಂದು ಆಡುಮಾತಿನಲ್ಲಿ ಹೇಳಿದಾಗ ಮಾತ್ರ 'ಓಣಿ'ಯೊಡನೆ ಅದು ತುಂಬಿ ಕೂಡುತ್ತದೆ. ಓಣಿ ಎಂಬ ಮಾತು, ಜೋಳವೆಂಬ ಬೆಳೆ, ರೋಣಿ ಎಂಬ ಉಚ್ಚಾರಣೆ ಮೂರೂ ಈ ಗಾದೆಯನ್ನು ಮಲಪ್ರಭಾ-ತುಂಗಭದ್ರಾ ನಡುವಿನ ಬಯಲುಸೀಮೆಗೆ ಸೇರಿಸುತ್ತವೆ. ಹಾಗೆಯೇ ಭರಣಿಗೆ ಧರಣಿ, ಆರಿದ್ರೆಗೆ ದಾರಿದ್ರ್ಯ. ಇಲ್ಲಿ ನಕ್ಷತ್ರವನ್ನು ಆರಿಸಿದ್ದು ಮೋಡವೋ ಪ್ರಾಸವೋ ಎಂಬುದನ್ನು ಪ್ರತಿ ಗಾದೆಗೂ ಪ್ರತ್ಯೇಕವಾಗಿ ಕೇಳಬೇಕು. ಪ್ರಾಸವಿಲ್ಲದ, ಕಿವಿಗೆ ಒರಟಾದ ಗಾದೆಗಳೇ ಈ ಬಗೆಯ ಪರೀಕ್ಷೆಗೆ ಹೆಚ್ಚು ನಂಬತಕ್ಕವು. ದುರ್ದೈವದಿಂದ ಸಂಗ್ರಹಕಾರರು ಹೆಚ್ಚಾಗಿ ಬಿಟ್ಟುಬಿಡುವುದು ಅಂಥವನ್ನೇ.

ಹಗಲಿಗೆ ಬಂದ ರಾತ್ರಿ

ಸೂರ್ಯನ ಬಳಿಯ ನಕ್ಷತ್ರವನ್ನು ನಿಜವಾದ ಆಕಾಶದಲ್ಲಿ ಕಾಣಲು ಒಂದೇ ದಾರಿ ಖಗ್ರಾಸ ಸೂರ್ಯಗ್ರಹಣ. 1868ರ ಆಗಸ್ಟ್ 18ರಂದು ಅಂತಹ ಗ್ರಹಣ ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ವರ್ಣಪಟಲದರ್ಶಕವನ್ನು ಹೊತ್ತು ಜಮಖಂಡಿಗೆ ಬಂದ. ಫ್ರಾನ್ಸಿನ ಜಾನ್ಸನ್ ಗುಂಟೂರಿನಲ್ಲಿ ಬೀಡುಬಿಟ್ಟ. ಸೂರ್ಯನ ಜ್ವಾಲೆಗಳ ಬೆಳಕಿನಲ್ಲಿ ಅಂದು ಕಂಡ ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಧಾತುವಿನ ಪತ್ತೆಗೆ ದಾರಿಯಾಯಿತು. ಜಮಖಂಡಿಯಲ್ಲಿ ಹರ್ಷೆಲ್‌ನನ್ನು ಮೋಡಗಳು ಕಾಡಿದವು. ಅವುಗಳ ಸಂದಿನಲ್ಲಿ ಅವನು ತನ್ನ ಕೆಲಸವನ್ನು ಮಾಡಿಕೊಂಡ. ಸ್ಥಳೀಯ ಒಕ್ಕಲಿಗನಿಗೆ ಈ ಮೋಡಗಳಲ್ಲಿ ಆಶ್ಚರ್ಯವೇನೂ ಇದ್ದಿರಲಾರದು. ಆಗ ನಡೆಯುತ್ತಿದ್ದುದು ಮಘೆಯ ಮಳೆ. ಅಂದು ಮಘೆಯ ಮುಖ್ಯ ತಾರೆಯು ಸೂರ್ಯನಿಂದ ಮೂರು ಅಂಶಕ್ಕೂ ಕಡಿಮೆ ದೂರದಲ್ಲಿತ್ತು ಎಂಬುದು ಲೆಕ್ಕದಿಂದ ತಿಳಿಯುತ್ತದೆ. ಮಳೆ ನಕ್ಷತ್ರವು ತನ್ನ ಮಳೆಯ ನಡುವೆಯೇ ಸೂರ್ಯನ ಪಕ್ಕದಲ್ಲಿ ಹಗಲಾಗಸದಲ್ಲಿ ತೆರೆದು ನಿಂತ ಅಪೂರ್ವ ಗಳಿಗೆಯದು.

ಮುಂದಿನ ಶತಮಾನದಲ್ಲಿ ಈ ಅವಕಾಶ ಬೆಟಗೇರಿ-ಗದಗದ ನೆತ್ತಿಗೇ ಬಂದಿತು. 1980ರ ಫೆಬ್ರುವರಿ 16ರಂದು ಚಂದ್ರನ ನೆರಳು ಅಂಕೋಲೆಯ ಬಳಿ ನೆಲಕ್ಕೆ ಇಳಿದು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಈಶಾನ್ಯಕ್ಕೆ ಸಾಗಿತು. ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿತ್ತು. ಬಿರುಬಿಸಿಲಿನ ಅಪರಾಹ್ನ, ಮೂರೂವರೆ ಗಂಟೆ ದಾಟಿದ ಮೇಲೆ ಎರಡೂವರೆ ನಿಮಿಷಗಳ ಕಾಲ ಸೂರ್ಯ ಪೂರ್ತಿ ಮರೆಯಾದ. ಶುಕ್ರ ಹಗಲಿನಲ್ಲಿ ಹೊಳೆಯಿತು. ಬೆಂಗಳೂರಿನ ತಾರಾಲಯಕ್ಕೆ ಇನ್ನೂ ಒಂಬತ್ತು ವರ್ಷಗಳಿದ್ದವು. ಆಕಾಶವೇ ತಾರಾಲಯವಾಗಿ ಊರ ಮೇಲೆ ಬಂದಿತ್ತು. ಆದರೆ ನಾಡಿನ ಬಹುಪಾಲು ಜನರು ಆ ಹೊತ್ತು ಬಾಗಿಲು ಹಾಕಿಕೊಂಡು ಮನೆಯೊಳಗೆ ಇದ್ದರು. ಬರಿಗಣ್ಣಿನಿಂದ ನೋಡಬಾರದೆಂಬ ವಿಜ್ಞಾನದ ಎಚ್ಚರಿಕೆ ಮತ್ತು ಗ್ರಹಣವನ್ನು ನೋಡಬಾರದೆಂಬ ಹಿರಿಯರ ನಿಷೇಧ ಒಂದರೊಡನೊಂದು ಬೆರೆತು ಬೀದಿಗಳನ್ನು ಬರಿದು ಮಾಡಿದ್ದವು. ಪೂರ್ತಿ ಮರೆಯಾದ ಆ ಎರಡೂವರೆ ನಿಮಿಷ ಬರಿಗಣ್ಣಿನಿಂದಲೇ ನೋಡಬಹುದಾಗಿತ್ತೆಂಬ ತಿಳಿವಳಿಕೆ ಬಹಳ ಮಂದಿಯನ್ನು ಮುಟ್ಟಲಿಲ್ಲ.

ಮನೆಯೊಳಗೆ ನಡೆಯುವುದೂ ಒಂದು ಬಗೆಯ ವೀಕ್ಷಣೆಯೇ. ಈ ಭಾಗದಲ್ಲಿ ಗ್ರಹಣ ಹಿಡಿದಾಗ ತಾಟಿನಲ್ಲಿ ನೀರು ಹಾಕಿ ನಡುವೆ ಒನಕೆಯನ್ನು ನಿಲ್ಲಿಸುವ ರೂಢಿಯಿದೆ. ಆಸರೆಯಿಲ್ಲದೆ ಅದು ನಿಲ್ಲುವುದು ಗ್ರಹಣದ ಬಲದಿಂದ, ಬಿದ್ದರೆ ಗ್ರಹಣ ಬಿಟ್ಟಿತು ಎಂಬ ನಂಬಿಕೆ. ತಳ ಸಮನಾದ ಒನಕೆ ಬೇರೆ ದಿನವೂ ನಿಲ್ಲುತ್ತದೆ. ಆದರೆ ಹೊರಗೆ ಹೋಗಲಾರದ ಹೆಂಗಸರು ಗ್ರಹಣದ ಕಾಲವನ್ನು ಅಳೆಯಲು ಮಾಡಿಕೊಂಡ ಉಪಕರಣವಾಗಿ ಅದನ್ನು ಕಂಡರೆ, ಅದರ ಅರ್ಥ ಬೇರೆಯಾಗುತ್ತದೆ. ಗ್ರಹಣ ಬಿಟ್ಟ ಮೇಲೆ ಮಿಂದು, ಬಾಗಿಲಿಗೆ ಬಂದವರಿಗೆ ಕಾಳುಕಡಿ ನೀಡುವ ಪದ್ಧತಿಯಲ್ಲಿ ಬಲ್ಲಾಳನ ಸೋಮಗ್ರಹಣ ದಾನದ ಮನೆಮಟ್ಟದ ರೂಪ ಉಳಿದಿದೆ. ಅರಸ ಊರನ್ನು ಬಿಟ್ಟ, ಇವರು ಮೊರದ ತುಂಬ ಜೋಳ ಕೊಡುತ್ತಾರೆ.

ಜನಪದದಲ್ಲಿರುವುದೆಲ್ಲ ಜ್ಞಾನವೆಂದು ವಾದಿಸುವುದು ಮಾತ್ರ ಸಲ್ಲದು. 2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗುಣವಾದೀತೆಂಬ ಆಸೆಯಿಂದ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ನಾಡನ್ನು ಕಲಕಿತು. ಒನಕೆ ನಿಲ್ಲಿಸುವ ಆಚರಣೆಯನ್ನೂ ಮಕ್ಕಳನ್ನು ಹೂಳುವ ಕ್ರೌರ್ಯವನ್ನೂ 'ನಂಬಿಕೆಗಳು' ಎಂಬ ಒಂದೇ ಅಧ್ಯಾಯದಲ್ಲಿ ಸಮಾನವಾಗಿ ಪಟ್ಟಿ ಮಾಡುವ ವಿಧಾನವನ್ನು ಜಾನಪದ ವಿದ್ವಾಂಸರು ಕೈಬಿಡಬೇಕು.

ಸಂಚಾರಿ ಗುಮ್ಮಟ

ಈಚಿನ ವರ್ಷಗಳಲ್ಲಿ ಸರ್ಕಾರದ ಸಂಚಾರಿ ಡಿಜಿಟಲ್ ತಾರಾಲಯಗಳು ಜಿಲ್ಲೆಗಳ ಶಾಲೆಗಳಿಗೆ ಹೋಗತೊಡಗಿವೆ. ಗಾಳಿ ತುಂಬಿದರೆ ಎದ್ದು ನಿಲ್ಲುವ ಬಟ್ಟೆಯ ಗುಮ್ಮಟ, ಬಗ್ಗಿ ಒಳಗೆ ನುಸುಳುವ ಬಾಗಿಲು, ನೆಲದ ಮೇಲೆ ಚಕ್ಕಳಮಕ್ಕಳ ಕುಳಿತ ಮಕ್ಕಳು. ಬೆಂಗಳೂರಿನ ಪ್ರವಾಸಕ್ಕೆ ಹಣ ಕೊಡಲಾರದ ಮನೆಗಳ ಮಕ್ಕಳಿಗೂ ಇದರಿಂದ ಗುಮ್ಮಟದ ಆಕಾಶ ದೊರೆಯಿತು. ನಿಜವಾದ ಆಕಾಶ ಅದೇ ಹೊತ್ತಿಗೆ ಅವರಿಂದ ಸ್ವಲ್ಪ ಸ್ವಲ್ಪವಾಗಿ ದೂರವಾಗುತ್ತಿದೆ. ಅವಳಿನಗರದ ದೀಪಗಳು ಬೆಳೆದಿವೆ. ಕಪ್ಪತಗುಡ್ಡದ ಸುತ್ತಲಿನ ಗಾಳಿಯಂತ್ರಗಳ ಕೆಂಪು ದೀಪಗಳು ದಿಗಂತದ ಅಂಚಿನಲ್ಲಿ ಮಿನುಗುತ್ತವೆ. ಯಂತ್ರದಿಂದ ರಾಶಿ ಮಾಡಿಸುವವರು ಹೆಚ್ಚಿದಂತೆ ಕಣದಲ್ಲಿ ಮಲಗುವ ರಾತ್ರಿಗಳು ಕಡಿಮೆಯಾಗಿವೆ.

ಸಂಚಾರಿ ಗುಮ್ಮಟದ ಗಣಕದಲ್ಲಿ ಊರು, ದಿನ, ಗಳಿಗೆ ಮೂರನ್ನೂ ಬದಲಿಸಬಹುದು. ಬೆಟಗೇರಿಯ ಶಾಲೆಯ ಅಂಗಳದಲ್ಲಿ ಅದು ನಿಂತಾಗ ಹೂಡಬೇಕಾದ ದಿನಾಂಕಗಳು ಈ ಸೀಮೆಯ ಚರಿತ್ರೆಯಲ್ಲಿಯೇ ಇವೆ: 1192ರ ನವೆಂಬರ್ 21, 1868ರ ಆಗಸ್ಟ್ 18, 1980ರ ಫೆಬ್ರುವರಿ 16ರ ಅಪರಾಹ್ನ, ಮತ್ತು ಆ ವರ್ಷದ ಪಂಚಾಂಗ ನೋಡಿ ಮಿರಗ ಹೂಡುವ ದಿನದ ನಡುಹಗಲು. ಮಕ್ಕಳಿಗೆ ಆ ಪಂಚಾಂಗವನ್ನು ಮನೆಯ ಗೋಡೆಯ ಮೊಳೆಯಿಂದ ಬಿಡಿಸಿಕೊಂಡು ಬರಲು ಹೇಳಿದರಾಯಿತು.